ಓದಲು ಬಾರದ ಅಂಕಿ

ಸುರಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಿಲ್ ಕಲಿಸಿದ ಹಂಪಣ್ಣ ಮಾಸ್ತರರು ಶಿಸ್ತಿಗೆ ಹೆಸರಾದವರು ಎಂದು ಅವರ ಹಳೆಯ ವಿದ್ಯಾರ್ಥಿಗಳು ಇಂದಿಗೂ ಹೇಳುತ್ತಾರೆ. ಹೇಳಲಿ, ಅದು ಸುಳ್ಳಲ್ಲ. ಆದರೆ ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಅಮರಪ್ಪ ಎಂಬ ನಾನು ಅವರ ಜೊತೆ ಯಾದಗಿರಿಯ ಮೈದಾನದಲ್ಲಿ ಸ್ಕೋರು ಬರೆಯಲು ಕೂತಿದ್ದೆ. ಆ ಒಂದು ದಿನವನ್ನು ಬಿಟ್ಟು ಅವರ ಕಥೆ ಹೇಳುವುದು ನನ್ನಿಂದ ಆಗದು. ಅದರಲ್ಲಿ ನನ್ನ ಪಾಲಿನ ನಾಚಿಕೆಯೂ ಇದೆ, ಅದನ್ನೂ ಹೇಳಿಬಿಡುತ್ತೇನೆ.

ಹಂಪಣ್ಣನವರು ರಂಗಂಪೇಟೆಯ ಕಿರಾಣಿ ಅಂಗಡಿಯ ಮಗ. ಲಿಂಗವಂತರ ಮನೆ. ತಂದೆಗೆ ತಕ್ಕಡಿ ಬಿಟ್ಟರೆ ಬೇರೆ ಲೋಕವಿರಲಿಲ್ಲ, ಮಗನಿಗೆ ತಕ್ಕಡಿಯ ಕಡೆ ನೋಡುವ ಮನಸ್ಸೇ ಇರಲಿಲ್ಲ. ಆಗ ನಿಜಾಮರ ಕಾಲ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕನ್ನಡ, ಹೊಡೆದಾಡುವುದೂ ಕನ್ನಡದಲ್ಲೇ. ಪಾಟಿ ಹಿಡಿದು ಶಾಲೆಗೆ ಹೋದರೆ ಮಾತ್ರ ಉರ್ದು. ಹುಡುಗ ಒಂದೇ ತರಗತಿಯಲ್ಲಿ ಎರಡು ಸಲ ನಪಾಸಾದ. ಇವನನ್ನು ಎತ್ತು ಕಾಯಲು ಹಾಕಿದರೆ ಎತ್ತಿಗೂ ನಷ್ಟ ಎಂದು ತಂದೆ ಅಂಗಡಿಗೆ ಬಂದವರ ಎದುರಿಗೆಲ್ಲ ಹೇಳುತ್ತಿದ್ದರಂತೆ.

ಹಾಗೆ ಕೇಳಿಸಿಕೊಂಡವರಲ್ಲಿ ಶಹಾಪುರದ ಡ್ರಿಲ್ ಮಾಸ್ತರ ಮಕ್ತುಮಸಾಬರೂ ಒಬ್ಬರು. ಅವರ ಹೆಂಡತಿ ಖಾಸಿಂಬೀಯ ತವರುಮನೆ ರಂಗಂಪೇಟೆ. ವರ್ಷಕ್ಕೆ ಎರಡು ಸಲ ಬಂದಾಗ ಸಾಮಾನು ಇದೇ ಅಂಗಡಿಯಲ್ಲಿ. ಮಕ್ತುಮಸಾಬರು ಹುಡುಗನ ಉದ್ದ ಕೈಕಾಲು ನೋಡಿ, ಇವನನ್ನು ನನ್ನ ಜೊತೆ ಕಳಿಸಿ, ಓದೂ ಬರುತ್ತದೆ, ಓಡಲಿಕ್ಕೂ ಬರುತ್ತದೆ ಎಂದರು. ತಂದೆಗೆ ಅಷ್ಟು ಸಾಕಾಗಿತ್ತು. ಹುಡುಗ ಒಂದು ಗಂಟು ಬಟ್ಟೆ, ಒಂದು ಚೀಲ ಜೋಳದ ಹಿಟ್ಟಿನ ಜೊತೆ ಶಹಾಪುರಕ್ಕೆ ಹೋದ.

ಆರು ವರ್ಷ ಅವರ ಅಂಗಳದ ಕೋಣೆಯಲ್ಲಿದ್ದ. ಲಿಂಗವಂತರ ಹುಡುಗ ಸಾಬರ ಮನೆಯಲ್ಲಿ ಉಣ್ಣುವಂತಿಲ್ಲ, ಅದು ಎರಡೂ ಮನೆಗೆ ಗೊತ್ತು. ಖಾಸಿಂಬೀ ಅವನಿಗೆಂದೇ ಬೇರೆ ಒಲೆ ಹೂಡಿಸಿದಳು. ಕಟ್ಟಿಗೆ ಅವಳದು, ರೊಟ್ಟಿ ಅವನದು. ಹಾಲಿಗೆ, ಬೆಲ್ಲಕ್ಕೆ, ಹುರಿದ ಶೇಂಗಾಕ್ಕೆ ಮೈಲಿಗೆ ಇಲ್ಲವೆಂಬ ಶಾಸ್ತ್ರವನ್ನು ಅವರಿಬ್ಬರೇ ಕೂಡಿ ಬರೆದುಕೊಂಡರು. ಹುಡುಗನ ರೊಟ್ಟಿ ಒಂದು ಕಡೆ ಸೀದು ಒಂದು ಕಡೆ ಹಸಿ ಇರುತ್ತಿತ್ತು; ಅವಳು ಮಾರು ದೂರ ನಿಂತು, ಈಗ ತಿರುವು, ಈಗ ತೆಗಿ ಎಂದು ಬಾಯಲ್ಲೇ ರೊಟ್ಟಿ ಬಡಿಯುವುದನ್ನು ಕಲಿಸಿದಳು. ಸಂಜೆ ಮಕ್ತುಮಸಾಬರು ಕಂದೀಲು ಹಚ್ಚಿ ಉರ್ದುವಿನ ಅಲಿಫ್ ಬೇಯಿಂದ ಹಿಡಿದು ಲೆಕ್ಕದವರೆಗೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿಕೊಟ್ಟರು. ಒಂದರಿಂದ ನೂರರವರೆಗೆ ಅವನಿಗೆ ಅಂಕಿ ಬರೆಯಲು ಬಂದದ್ದೇ ಆ ಕೋಣೆಯಲ್ಲಿ. ನಪಾಸಿನ ಹುಡುಗ ಪಾಸಾದ.

ಚೆಂಡನ್ನು ಕೊಟ್ಟವರೂ ಅವರೇ. ಮಕ್ತುಮಸಾಬರು ಹೈದರಾಬಾದಿನಲ್ಲಿ ಡ್ರಿಲ್ ತರಬೇತಿಗೆ ಹೋದಾಗ ಬಾಸ್ಕೆಟ್‌ಬಾಲ್ ಕಲಿತು, ಒಂದು ಚರ್ಮದ ಚೆಂಡನ್ನು ಬಗಲಲ್ಲಿಟ್ಟುಕೊಂಡು ಬಂದಿದ್ದರು. ಕಮ್ಮಾರನ ಕಡೆ ಕಬ್ಬಿಣದ ಬಳೆ ಮಾಡಿಸಿ ಶಾಲೆಯ ಹಿಂದಿನ ಎರಡು ಕಂಬಕ್ಕೆ ಬಡಿಸಿದರು. ಚೆಂಡು ಹರಿದಾಗಲೆಲ್ಲ ಚಮ್ಮಾರರ ಓಣಿಗೆ ತಾವೇ ಹೋಗಿ ಹೊಲಿಸಿಕೊಂಡು ಬರುತ್ತಿದ್ದರು. ಊರ ಜನ ಅದನ್ನು ಬುಟ್ಟಿಯಾಟ ಎಂದು ನಗುತ್ತಿದ್ದರು, ನಗುತ್ತಲೇ ನೋಡಲು ಬಂದು ನಿಲ್ಲುತ್ತಿದ್ದರು. ಹಂಪಣ್ಣ ಆಡಿದ, ತಂಡದ ನಾಯಕನಾದ, ಮುಂದೆ ಮಕ್ತುಮಸಾಬರ ಶಿಫಾರಸಿನ ಮೇಲೆ ತಾನೂ ಹೈದರಾಬಾದಿಗೆ ಹೋಗಿ ತರಬೇತಿ ಮುಗಿಸಿ ಸುರಪುರದಲ್ಲಿ ಡ್ರಿಲ್ ಮಾಸ್ತರನಾದ. ಉಸ್ತಾದ್ ಎಂದೇ ಅವರನ್ನು ಕರೆಯುತ್ತಿದ್ದ. ಅವರು ಇವನನ್ನು ಹಂಪ್ಯಾ ಎನ್ನುತ್ತಿದ್ದರು.

ನಾನು ಸುರಪುರದ ಶಾಲೆ ಸೇರುವ ಹೊತ್ತಿಗೆ ಮಾಸ್ತರರ ಶಿಸ್ತು ಮೂರು ತಾಲೂಕಿಗೆ ಗೊತ್ತಾಗಿತ್ತು. ಎಲ್ಲಿ ಪಂದ್ಯವಿದ್ದರೂ ರೆಫರಿಯಾಗಿ ಅವರೇ ಬೇಕು. ಆಟ ಶುರುವಾಗುವ ಮೊದಲು ಎರಡೂ ತಂಡವನ್ನು ಸಾಲಾಗಿ ನಿಲ್ಲಿಸಿ ಉಗುರಿನಿಂದ ಹಿಡಿದು ಚಡ್ಡಿಯ ಗುಂಡಿಯವರೆಗೆ ನೋಡುತ್ತಿದ್ದರು. ಬನಿಯನ್ನಿನ ಬಣ್ಣ ಒಂದೇ ಇರಬೇಕು, ಎದೆಗೂ ಬೆನ್ನಿಗೂ ನಂಬರ್ ಇರಬೇಕು. ಒಮ್ಮೆ ನಮ್ಮದೇ ಶಾಲೆಯ ಸಾಹುಕಾರರ ಮಗ ರೇಷ್ಮೆ ಬನಿಯನ್ನು ತೊಟ್ಟು ಬಂದ. ಮಾಸ್ತರರು ಅವನನ್ನು ಗೆರೆಯಾಚೆ ಕೂರಿಸಿದರು, ನಾವು ಸೋತೆವು, ಸಾಹುಕಾರರು ಶಾಲೆಗೆ ಬಂದು ಕೂಗಾಡಿ ಹೋದರು. ಮಾಸ್ತರರು ಕದಲಲಿಲ್ಲ. ಅದಕ್ಕೇ ಜನ ಅವರು ಊದುವ ಸೀಟಿಗೆ ತಲೆಬಾಗುತ್ತಿದ್ದರು. ನನಗೂ ಅವರೆಂದರೆ ಒಂದು ಬಗೆಯ ಭಕ್ತಿಯೇ ಇತ್ತು.

ನಲವತ್ತೆಂಟರಲ್ಲಿ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು, ನಿಜಾಮರು ಹೋದರು. ಆ ದಿನಗಳಲ್ಲಿ ಮನೆ ಬಿಟ್ಟುಹೋದ ಮಕ್ತುಮಸಾಬರ ತಮ್ಮ ತಿರುಗಿ ಬರಲಿಲ್ಲ. ಅದರ ಬಗ್ಗೆ ಅವರು ಯಾರಿಗೂ ಏನೂ ಹೇಳಲಿಲ್ಲ, ನಮ್ಮಲ್ಲಿ ಯಾರೂ ಕೇಳಲೂ ಇಲ್ಲ. ಎಂಟು ವರ್ಷದ ಮೇಲೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡಿಗರೆಲ್ಲ ಒಂದಾದೆವೆಂದು ಶಾಲೆಯಲ್ಲಿ ಪೇಢೆ ಹಂಚಿದೆವು. ನಾನು ಭಾಷಣ ಮಾಡಿದೆ. ಹಂಪಣ್ಣ ಮಾಸ್ತರರು ಪೇಢೆಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು.

ಅವರ ಕಷ್ಟ ನನಗೊಬ್ಬನಿಗೇ ಗೊತ್ತಿತ್ತು. ಕನ್ನಡದ ಮನುಷ್ಯನಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ಮಾತಿಗೆ ನಿಂತರೆ ಯಾರನ್ನೂ ಬಿಡದವರು, ರಜೆ ಅರ್ಜಿ ಬರೆಯಬೇಕಾದರೆ ನನ್ನ ಮನೆಗೆ ಬರುತ್ತಿದ್ದರು. ಇಂಥವರು ನಮ್ಮ ಕಡೆ ಮನೆಗೊಬ್ಬರಿದ್ದರು, ಅದೇನು ಅಪರಾಧವಲ್ಲ. ಆದರೆ ಹಳೆಯ ಹೈದರಾಬಾದ್ ನೌಕರರ ಯಾದಿ ಹೊಸದಾಗಿ ಆಗುತ್ತಿದೆ, ಬರೀ ಉರ್ದು ಬಲ್ಲವರನ್ನು ಖಾಯಂ ಮಾಡುವುದಿಲ್ಲವಂತೆ, ಮನೆಗೆ ಕಳಿಸುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಯಾರು ಹಬ್ಬಿಸಿದರೋ ದೇವರಿಗೇ ಗೊತ್ತು. ಮಾಸ್ತರರು ಮಗಳ ಒಂದನೆಯ ತರಗತಿಯ ಪುಸ್ತಕ ಇಟ್ಟುಕೊಂಡು ಪಾಟಿಯ ಮೇಲೆ ಅ ಆ ತಿದ್ದತೊಡಗಿದರು. ಮನೆಗೆ ಯಾರಾದರೂ ಬಂದರೆ ಪಾಟಿ ಹಾಸಿಗೆಯ ಕೆಳಗೆ ಹೋಗುತ್ತಿತ್ತು. ಮಗಳಿಗಿಂತ ಮುಂದೆ ಹೋಗಬೇಡಿ, ಪಾಪ ಅದು ಅಳುತ್ತದೆ ಎಂದು ಹೆಂಡತಿ ಸೂಗಮ್ಮ ಚೇಷ್ಟೆ ಮಾಡಿದರೆ ಅವರಿಗೆ ನಗು ಬರುತ್ತಿರಲಿಲ್ಲ. ನಲವತ್ತರ ಹತ್ತಿರದ ಗಂಡಸು, ಮೂರು ಮಕ್ಕಳು, ತಂದೆಯ ಅಂಗಡಿ ತಮ್ಮನ ಪಾಲಿಗೆ ಹೋಗಿತ್ತು. ನೌಕರಿ ಹೋದರೆ ಅವರಿಗೆ ಬೇರೆ ಏನೂ ಇರಲಿಲ್ಲ.

ಐವತ್ತೇಳರ ಚಳಿಗಾಲದಲ್ಲಿ ಯಾದಗಿರಿಯಲ್ಲಿ ಶಾಲೆಗಳ ಪಂದ್ಯಗಳು ನಡೆದವು. ಗೆದ್ದ ತಂಡ ಜಿಲ್ಲಾ ಪಂದ್ಯಕ್ಕೆಂದು ಗುಲಬರ್ಗಾಕ್ಕೆ ಹೋಗಬೇಕು. ನಮ್ಮ ಸುರಪುರದವರು ಮೊದಲ ದಿನವೇ ಸೋತು ಕೈತೊಳೆದುಕೊಂಡಿದ್ದರು. ಕೊನೆಯ ಪಂದ್ಯ ಯಾದಗಿರಿಗೂ ಶಹಾಪುರದ ಉರ್ದು ಶಾಲೆಗೂ. ಸುರಪುರದ ಹಂಪಣ್ಣ ಮಾಸ್ತರರೇ ರೆಫರಿ ಎಂದು ಎರಡೂ ಕಡೆಯವರು ಒಪ್ಪಿದರು. ಮಕ್ತುಮಸಾಬರಿಗೆ ಅದು ನೌಕರಿಯ ಕೊನೆಯ ವರ್ಷ. ಇಪ್ಪತ್ತೈದು ವರ್ಷ ಚೆಂಡು ಹೊಲಿಸಿದವರ ತಂಡ ಜಿಲ್ಲೆಗೆ ಎಂದೂ ಹೋಗಿರಲಿಲ್ಲ. ಈ ಸಲ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು, ಯಾಕೆಂದರೆ ಅವರ ಬಳಿ ಅಮೋಘಸಿದ್ದನಿದ್ದ. ಶಿರವಾಳದ ಕುರಿಗಾರರ ಮಗ, ಹದಿನೇಳು ವರ್ಷ, ಕುರಿಗೆ ಸೊಪ್ಪು ತಪ್ಪಲು ಕಡಿದು ಕಡಿದು ತೋಳು ಬೆಳೆದ ಹಾಗಿದ್ದ ಹುಡುಗ. ಅವನು ಚೆಂಡು ಎತ್ತಿದರೆ ಬೇರೆಯವರಿಗೆ ನಿಲುಕುತ್ತಿರಲಿಲ್ಲ.

ಹೊಸ ರಾಜ್ಯದ ಶಿಕ್ಷಣ ಇಲಾಖೆಯಿಂದ ಮೈಸೂರು ಕಡೆಯ ಸಾಹೇಬರೊಬ್ಬರು ಬಂದಿದ್ದರು. ಖಾಯಂ ಆಗುವವರ ಯಾದಿಗೆ ಷರಾ ಬರೆಯುವವರು ಅವರೇ ಎಂದು ಬೆಳಿಗ್ಗೆಯಿಂದ ಗುಸುಗುಸು ನಡೆದಿತ್ತು. ಹಂಪಣ್ಣ ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿಕೊಂಡು, ರಾತ್ರಿಯೆಲ್ಲ ಬಾಯಿಪಾಠ ಮಾಡಿದ ಕನ್ನಡದ ಶಬ್ದಗಳನ್ನು ನನ್ನ ಎದುರು ಮತ್ತೊಮ್ಮೆ ಹೇಳಿ ನೋಡಿದರು. ಅಲ್ಲಿಯವರೆಗೆ ಏಕ್ ದೋ ತೀನ್ ಎಂದೇ ಡ್ರಿಲ್ ಮಾಡಿಸಿದ ಬಾಯಿ ಅದು. ಒಂದು ಎರಡು ಮೂರು ಎನ್ನುವಾಗ ನಡುವೆ ತಡವರಿಸುತ್ತಿದ್ದರು.

ಶಹಾಪುರದ ತಂಡ ಸಾಲಾಗಿ ನಿಂತಿತು. ಬಿಳಿಯ ಹೊಸ ಬನಿಯನ್ನು, ಎದೆಗೂ ಬೆನ್ನಿಗೂ ಕಪ್ಪು ಬಟ್ಟೆಯಿಂದ ಕತ್ತರಿಸಿ ಹೊಲಿದ ಅಂಕಿಗಳು. ಅಷ್ಟು ಚೊಕ್ಕ ಬಟ್ಟೆಯ ತಂಡ ಆ ದಿನ ಬೇರೆ ಇರಲಿಲ್ಲ. ಮಕ್ತುಮಸಾಬರು ತಮ್ಮ ಹಳೆಯ ಶೇರವಾನಿಯನ್ನೇ ಕತ್ತರಿಸಲು ಕೊಟ್ಟಿದ್ದರು, ಖಾಸಿಂಬೀ ಕೂತು ಹೊಲಿದಿದ್ದಳು. ಅಂಕಿಗಳು ಉರ್ದುವಿನವು. ಅವರ ಶಾಲೆಯಲ್ಲಿ ಅಂಕಿ ಎಂದರೆ ಅವೇ, ಬೇರೆ ಯೋಚನೆ ಯಾರಿಗೂ ಬಂದಿರಲಿಕ್ಕಿಲ್ಲ. ನಿಯಮದ ಕಾಗದದಲ್ಲಿ ನಂಬರ್ ಸ್ಪಷ್ಟವಾಗಿ ಕಾಣಬೇಕು ಎಂದಿತ್ತೇ ಹೊರತು ಯಾವ ಲಿಪಿಯಲ್ಲಿ ಎಂದಿರಲಿಲ್ಲ. ಆ ಕಾಗದವನ್ನು ಮಾಸ್ತರರಿಗೆ ಓದಿ ಹೇಳಿದವನು ನಾನೇ.

ಸಾಹೇಬರು ಅಡ್ಡಾಡುತ್ತ ಬಂದರು. ಅಮೋಘಸಿದ್ದನ ಎದೆ ನೋಡಿ ಮಾಸ್ತರರ ಕಡೆ ತಿರುಗಿ, ಇದು ಯಾವ ನಂಬರು ಎಂದು ಕೇಳಿದರು. ಅಷ್ಟೇ. ಗದರಿಸಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ. ಗೊತ್ತಿಲ್ಲದವನು ಗೊತ್ತಿರುವವನನ್ನು ಕೇಳುವ ಹಾಗೆ ಕೇಳಿದರು. ಏಳು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮಾಸ್ತರರ ಮುಖ ಕೆಂಪಾಯಿತು.

“ನನಗ ಓದಾಕ ಬರಂಗಿಲ್ರಿ ಸರ್” ಎಂದರು.

ಸಾಹೇಬರು ನನ್ನ ಕಡೆ ನೋಡಿದರು. ಸ್ಕೋರು ಬರೆಯುವವನಿಗಾದರೂ ಓದಲು ಬರುತ್ತದೆಯೇ ಎಂಬುದು ಅವರ ಪ್ರಶ್ನೆ. ನಾನು ಐದನೆಯ ತರಗತಿಯವರೆಗೆ ಉರ್ದುವಿನಲ್ಲೇ ಓದಿದವನು. ನನ್ನದೂ ಹಂಗಾಮಿ ನೌಕರಿ. ನಾನು ಸ್ಕೋರು ಪುಸ್ತಕದ ಗೆರೆಗಳನ್ನು ನೋಡುತ್ತ ತಲೆ ಅಲ್ಲಾಡಿಸಿದೆ, ಹೌದೆಂದೂ ತಿಳಿಯಬಹುದು, ಇಲ್ಲವೆಂದೂ ತಿಳಿಯಬಹುದು, ಅಂಥ ಅಲ್ಲಾಡಿಕೆ. ಸುತ್ತ ಮುನ್ನೂರು ಜನ ನಿಂತಿದ್ದರು. ಅಡತಿ ಅಂಗಡಿಯಲ್ಲಿ ಮೂಟೆ ಹೊರುವ ಹಮಾಲರು, ಆಡು ಮಾರಲು ಬಂದವರು, ಚಹಾದಂಗಡಿಯವನು. ನಿನ್ನೆ ಮೊನ್ನೆಯವರೆಗೆ ರೊಕ್ಕದ ಮೇಲೆ, ರಸ್ತೆಯ ಕಲ್ಲಿನ ಮೇಲೆ, ಕಂದಾಯದ ಚೀಟಿಯ ಮೇಲೆ ಇದ್ದ ಅಂಕಿ ಅದು. ಆ ಮೈದಾನದಲ್ಲಿ ಅದನ್ನು ಓದಲು ಬಾರದವರು ಸಾಹೇಬರೊಬ್ಬರೇ. ಆದರೂ ಒಬ್ಬರೂ ಬಾಯಿ ಬಿಡಲಿಲ್ಲ. ಕನ್ನಡ ಕಲಿಸುವವನಿಗೇ ಧೈರ್ಯವಿಲ್ಲದ ಮೇಲೆ ಹಮಾಲರನ್ನು ಬೈದು ಏನು ಬಂತು.

ನಿಯಮ ಹೇಗಿದೆಯೋ ಹಾಗೆ ಮಾಡಿ, ತೀರ್ಮಾನ ನಿಮ್ಮದು ಎಂದು ಹೇಳಿ ಸಾಹೇಬರು ಕುರ್ಚಿಗೆ ಹೋದರು. ತೀರ್ಮಾನ ಮಾಸ್ತರರ ಕೈಯಲ್ಲೇ ಇತ್ತು ಎಂಬುದನ್ನು ನಾನು ಮರೆಯಲಾರೆ. ಅವರು ಮಕ್ತುಮಸಾಬರ ಎದುರು ಹೋಗಿ ನಿಂತು, ಕಣ್ಣನ್ನು ಅವರ ಟೋಪಿಯ ಮೇಲೆ ಇಟ್ಟು, ಈ ನಂಬರ್ ನಡೆಯುವುದಿಲ್ಲ, ಇಪ್ಪತ್ತು ನಿಮಿಷದಲ್ಲಿ ಬದಲಾಯಿಸಿ, ಇಲ್ಲವಾದರೆ ಪಂದ್ಯ ಯಾದಗಿರಿಯದು ಎಂದರು. ಉಸ್ತಾದ್ ಎನ್ನಲಿಲ್ಲ. ಮುದುಕ ಹೌದ್ರಿ ಎಂದಷ್ಟೇ ಹೇಳಿ ಹುಡುಗರನ್ನು ಕೂರಿಸಿಕೊಂಡರು.

ಆಟದಲ್ಲಿ ಎಳೆದಾಡಿದರೂ ಕಿತ್ತು ಬರಬಾರದೆಂದು ಖಾಸಿಂಬೀ ದಪ್ಪ ದಾರದಲ್ಲಿ ಎರಡೆರಡು ಸಲ ಹೊಲಿದಿದ್ದಳು. ಕತ್ತರಿ ಇರಲಿಲ್ಲ. ಹುಡುಗರು ಹಲ್ಲಿನಿಂದ ದಾರ ಕಡಿದರು. ಮಕ್ತುಮಸಾಬರು ನೆಲದ ಮೇಲೆ ಕೂತು, ಮಡಿಲಲ್ಲಿ ಬನಿಯನ್ನು ಹರವಿಕೊಂಡು, ಉಗುರಿನಿಂದ ಒಂದೊಂದೇ ಹೊಲಿಗೆ ಬಿಚ್ಚಿದರು. ಎರಡು ಬನಿಯನ್ನು ಹರಿದವು. ಚಹಾದಂಗಡಿಯ ಒಲೆಯಿಂದ ಇದ್ದಿಲು ತಂದು ನೀರಲ್ಲಿ ಅರೆದು ಇಂಗ್ಲಿಷ್ ಅಂಕಿ ಬರೆದರು. ಬರೆದವರೂ ಅವರೇ. ಕಪ್ಪು ಬಟ್ಟೆಯ ಅಂಕಿಗಳನ್ನು ಅಮೋಘಸಿದ್ದ ಆಯ್ದು, ಮಣ್ಣು ಜಾಡಿಸಿ, ತನ್ನ ಚೀಲದಲ್ಲಿ ಇಟ್ಟುಕೊಂಡ. ಹಂಪಣ್ಣ ಮಾಸ್ತರರು ಅಷ್ಟು ಹೊತ್ತೂ ಕೈಗಡಿಯಾರ ನೋಡುತ್ತ ನಿಂತಿದ್ದರು.

ಪಂದ್ಯ ನಡೆಯಿತು. ಚಳಿಗಾಲವೆಂದರೂ ಯಾದಗಿರಿಯ ಮಧ್ಯಾಹ್ನದ ಬಿಸಿಲಿಗೆ ಅದು ಗೊತ್ತಿರುವುದಿಲ್ಲ. ಮೊದಲ ಅರ್ಧದಲ್ಲಿ ಶಹಾಪುರ ಆರು ಪಾಯಿಂಟ್ ಮುಂದಿತ್ತು. ಆಮೇಲೆ ಬೆವರಿಗೆ ಇದ್ದಿಲು ಇಳಿಯತೊಡಗಿತು. ಎಂಟು ಮೂರಾಯಿತು, ಐದು ಬರೀ ಮಸಿಯಾಯಿತು. ಮಾಸ್ತರರು ಸೀಟಿ ಊದಿದರು. ನಂಬರ್ ಇಲ್ಲದ ಆಟಗಾರ ಆಡಿದ ತಪ್ಪಿಗೆ ಯಾದಗಿರಿಗೆ ಒಂದು ಫ್ರೀ ಥ್ರೋ, ಯಾರೂ ಅಡ್ಡ ಬರದೆ ಬಳೆಗೆ ಚೆಂಡೆಸೆಯುವ ಅವಕಾಶ. ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು, ಒಪ್ಪುತ್ತೇನೆ. ಆದರೆ ಬೇರೆ ಯಾವ ರೆಫರಿಯೂ ಅದನ್ನು ಕೊಡುತ್ತಿರಲಿಲ್ಲ. ಸಾಹೇಬರು ನೋಡುತ್ತಿದ್ದಾರೆ, ಆಡಿದ ಸುಳ್ಳು ನಿಜವೆಂದು ಕಾಣಬೇಕಾದರೆ ಬಿಗಿಯಾಗಿಯೇ ಇರಬೇಕು. ಹೀಗೆ ಮೂರು ಸಲ ಸೀಟಿಯಾಯಿತು. ಮೂರರಲ್ಲಿ ಎರಡು ಚೆಂಡು ಬಳೆಯೊಳಗೆ ಬಿದ್ದವು. ಕೊನೆಗೆ ಯಾದಗಿರಿ ಇಪ್ಪತ್ತಮೂರು, ಶಹಾಪುರ ಇಪ್ಪತ್ತೆರಡು. ಆ ಎರಡು ಪಾಯಿಂಟನ್ನು ನನ್ನ ಕೈಯಿಂದಲೇ ಬರೆದೆ.

ಯಾದಗಿರಿಯ ಹುಡುಗರು ಕುಣಿಯುತ್ತಿರುವಾಗ ಅಮೋಘಸಿದ್ದ ನೇರ ಸಾಹೇಬರ ಕುರ್ಚಿಗೆ ಬಂದ. ಎದೆಯ ಮೇಲೆ ಕಪ್ಪು ನೀರು ಸೋರುತ್ತಿತ್ತು.

“ಸಾಹೇಬ್ರ, ಈ ಮಾಸ್ತರ್ರಿಗೆ ನಮ್ಮ ಅಂಕಿ ಓದಾಕ ಬರ್ತಾವ್ರಿ. ಇವರು ನಮ್ಮ ಉಸ್ತಾದ್ರ ಮನ್ಯಾಗ ಇದ್ದು ಕಲ್ತಾರ. ಖಾಸಿಂಬೀ ಅಮ್ಮಾ ನಮಗ ಹೇಳ್ಯಾಳ. ಬರಂಗಿಲ್ಲ ಅಂತ ಸುಳ್ಳ ಹೇಳ್ಯಾರ.”

ಸಾಹೇಬರು ಎದ್ದು ನಿಂತರು. ಕೆಟ್ಟ ಮನುಷ್ಯನಲ್ಲ ಅವರು, ಹುಡುಗನ ಮಾತನ್ನು ತಳ್ಳಿಹಾಕಲಿಲ್ಲ. ಇದು ನಿಜವಾದರೆ ಪಂದ್ಯ ರದ್ದಾಗುತ್ತದೆ, ನಾಳೆ ಮತ್ತೆ ಆಡಿಸುತ್ತೇನೆ, ಸುಳ್ಳು ಹೇಳಿದ ಮಾಸ್ತರರ ಮೇಲೆ ವರದಿ ಬರೆಯುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ಹಂಪಣ್ಣ ಮಾಸ್ತರರನ್ನು, ಹುಡುಗ ಹೇಳಿದ್ದು ನಿಜವೇ ಎಂದು ಕೇಳಿದರು.

ಮಾಸ್ತರರ ಬಾಯಿ ತೆರೆಯಿತು. ಹೌದು ಎನ್ನುತ್ತಾರೆ ಎಂದು ನನಗೆ ಒಂದು ಗಳಿಗೆ ಅನ್ನಿಸಿತು, ದೇವರಾಣೆಗೂ ಅನ್ನಿಸಿತು. ಆದರೆ ಅವರು ತೆರೆದ ಬಾಯಿ ಮುಚ್ಚಿ ಕೈಗಡಿಯಾರ ನೋಡಿಕೊಂಡರು. ಮೂರು ಮಕ್ಕಳು ನೆನಪಾದವೋ, ಹಾಸಿಗೆಯ ಕೆಳಗಿನ ಪಾಟಿ ನೆನಪಾಯಿತೋ. ನಾನಾದರೂ ಎದ್ದು ಹೇಳಬಹುದಿತ್ತು. ನಾನು ಪೆನ್ನಿನ ಟೊಪ್ಪಿಗೆ ಹಾಕಿ ತೆಗೆದು ಮಾಡುತ್ತಿದ್ದೆ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಮಕ್ಕಳಿಗೆ ಗಾದೆ ಬರೆಸಿದ ಕೈ ಇದು.

ಸಾಹೇಬರು ಮಕ್ತುಮಸಾಬರನ್ನು ಕರೆಸಿದರು. ಮುದುಕ ಬೇಗ ಬರಲಿಲ್ಲ. ಚೆಂಡನ್ನು ಬಗಲಿಗೆ ತೆಗೆದುಕೊಂಡು, ಚಪ್ಪಲಿ ಮೆಟ್ಟಿಕೊಂಡು, ಮೈದಾನವನ್ನು ದಾಟಿ ಬಂದರು. ಇವರು ನಿಮ್ಮ ಹತ್ತಿರ ಕಲಿತವರೇ ಎಂದು ಸಾಹೇಬರು ಕೇಳಿದರು. ಮಕ್ತುಮಸಾಬರು ಹಂಪಣ್ಣನವರ ಮುಖವನ್ನು ಚೆನ್ನಾಗಿ ನೋಡಿದರು. ಹೌದು ಎಂದರೆ ನಾಳೆ ಅವರ ತಂಡ ಆಡಿ ಗೆಲ್ಲುತ್ತದೆ, ಗುಲಬರ್ಗಾಕ್ಕೆ ಹೋಗುತ್ತದೆ. ಅವರ ಇಪ್ಪತ್ತೈದು ವರ್ಷದ ಆಸೆ ಒಂದು ಶಬ್ದದ ದೂರದಲ್ಲಿತ್ತು.

“ಇಲ್ರಿ ಸಾಹೇಬ್ರ” ಎಂದರು. “ನನ್ನ ಹತ್ರ ಕಲ್ತಂವ ಹಿಂಗ ಮಾಡಂಗಿಲ್ಲ. ಇವರು ಯಾರೋ ಬ್ಯಾರೇದಾರು.”

ಅಮೋಘಸಿದ್ದ ಉಸ್ತಾದರನ್ನೇ ನೋಡುತ್ತಿದ್ದ. ಎಲ್ಲರ ಎದುರು ಅವನು ಸುಳ್ಳನಾದ. ಸಾಹೇಬರು ಅವನಿಗೆ ಎರಡು ಬುದ್ಧಿಮಾತು ಹೇಳಿ, ಸೋಲನ್ನು ಒಪ್ಪಿಕೊಳ್ಳಲು ಕಲಿಯಬೇಕು ಎಂದರು. ಮಕ್ತುಮಸಾಬರು ಹುಡುಗನ ಬೆನ್ನ ಮೇಲೆ ಕೈ ಇಟ್ಟು ಕರೆದುಕೊಂಡು ಹೋದರು. ಹುಡುಗ ಆ ಕೈಯನ್ನು ಕೊಡವಿದ. ಅವರು ಮತ್ತೆ ಇಡಲಿಲ್ಲ, ಪಕ್ಕದಲ್ಲಿ ನಡೆದರು ಅಷ್ಟೇ. ಹಂಪಣ್ಣ ಮಾಸ್ತರರ ಶಿಸ್ತು ಮೆಚ್ಚತಕ್ಕದ್ದು ಎಂದು ಸಾಹೇಬರು ಅಲ್ಲೇ ನನ್ನ ಪೆನ್ನು ಇಸಿದುಕೊಂಡು ಬರೆದರು.

ಸುರಪುರದವರೆಗೆ ಬಸ್ಸಿನಲ್ಲಿ ಮಾಸ್ತರರು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಆಡಿದರೆ ಒಬ್ಬರನ್ನೊಬ್ಬರು ಬೈಯಬೇಕಾಗುತ್ತಿತ್ತು, ಅಥವಾ ಸಮಾಧಾನ ಹೇಳಬೇಕಾಗುತ್ತಿತ್ತು. ಎರಡನೆಯದು ಇನ್ನೂ ಹೇಸಿಗೆ.

ಬೇಸಿಗೆಗೆ ಮುಂಚೆ ಖಾಯಂ ಆದ ಹುಕುಂ ಬಂತು. ಸೂಗಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ಮಾಸ್ತರರು ಹುಕುಮನ್ನು ನನ್ನ ಕೈಗೆ ಕೊಟ್ಟು ಓದಿಸಿ ಕೇಳಿದರು, ಆಮೇಲೆ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಭಾನುವಾರ. ಬೆಳಿಗ್ಗೆ ನನ್ನ ಮನೆಗೆ ಬಂದು, ಶಹಾಪುರಕ್ಕೆ ಹೋಗೋಣ, ಕಾಲಿಗೆ ಬೀಳುತ್ತೇನೆ, ಒಬ್ಬನೇ ಹೋಗಲು ಆಗುತ್ತಿಲ್ಲ ಎಂದರು. ಕಣ್ಣು ಊದಿದ್ದವು. ಅವರು ಅತ್ತದ್ದನ್ನು ನಾನು ಅದೇ ಮೊದಲು ಕಂಡದ್ದು.

ಬಾಗಿಲು ತೆರೆದವಳು ಖಾಸಿಂಬೀ. ಮುಖ ಅರಳಿತು, ಹಂಪ್ಯಾ ಎಂಬ ಮಾತು ತುಟಿಯವರೆಗೆ ಬಂತು, ಒಳಗಿನಿಂದ ಕೆಮ್ಮಿನ ಸದ್ದು ಕೇಳಿ ಅಲ್ಲೇ ನಿಂತಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಮಕ್ತುಮಸಾಬರು ಬಂದು ಹೊಸ್ತಿಲಿನಲ್ಲಿ ನಿಂತರು. ಮಾಸ್ತರರು ಬಗ್ಗಿ ಕಾಲು ಹಿಡಿಯಲು ಹೋದರೆ ಎರಡು ಹೆಜ್ಜೆ ಹಿಂದೆ ಸರಿದರು. ಸಿಟ್ಟಿನಿಂದಲ್ಲ, ದೊಡ್ಡವರೊಬ್ಬರು ಕಾಲು ಮುಟ್ಟಿದರೆ ಅಪರಿಚಿತ ಮನುಷ್ಯ ಸಂಕೋಚದಿಂದ ಸರಿಯುತ್ತಾನಲ್ಲ, ಹಾಗೆ.

ಮಾಸ್ತರರು ಅಳುತ್ತಲೇ, ತಪ್ಪಾಯಿತು, ನಾಳೆಯೇ ಸಾಹೇಬರಿಗೆ ಕಾಗದ ಬರೆದು ಎಲ್ಲ ಒಪ್ಪಿಕೊಳ್ಳುತ್ತೇನೆ, ನೌಕರಿ ಹೋದರೆ ಹೋಗಲಿ ಎಂದರು. ಆ ಗಳಿಗೆಯಲ್ಲಿ ಅವರು ಮನಸ್ಸಿನಿಂದಲೇ ಹೇಳಿದರು, ಅದಕ್ಕೆ ನಾನು ಸಾಕ್ಷಿ. ಮಕ್ತುಮಸಾಬರು ಪೂರ್ತಿ ಕೇಳಿಸಿಕೊಂಡರು.

“ಖಾಯಂ ಆದ್ರಿ ಅಂತ ಕೇಳೀನ್ರಿ. ಛಲೋ ಆತು, ಮಕ್ಕಳೊಂದಿಗರು ನೀವು” ಎಂದರು. “ನಾ ಇಷ್ಟ ವರ್ಷ ನೌಕರಿ ಮಾಡೀನಿ, ಸರಕಾರದವರ ಮುಂದ ಒಂದು ಸುಳ್ಳ ಹೇಳಿಲ್ಲ. ಅವತ್ತ ಹೇಳಿದ್ದೂ ಸುಳ್ಳ ಆಗಬಾರದ್ರಿ. ಅಷ್ಟ ಮಾಡ್ರಿ ನನಗ.”

ಮಾಸ್ತರರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನಗೂ ಹಿಡಿಯಿತು. ಮಕ್ತುಮಸಾಬರು ಕೇಳಿದ್ದು ಒಂದೇ, ಇನ್ನು ಮುಂದೆ ಈ ಮನೆಗೆ ಮಾಸ್ತರರು ಯಾರೂ ಅಲ್ಲ ಎಂಬುದನ್ನು ಮಾಸ್ತರರೂ ನಡೆಸಿಕೊಡಬೇಕು. ಒಳಗೆ ಖಾಸಿಂಬೀ ಬಿಕ್ಕುವುದು ಕೇಳುತ್ತಿತ್ತು. ದೂರದಿಂದ ಬಂದಿದ್ದೀರಿ, ನೀರು ಕುಡಿದು ಹೋಗಿ ಎಂದು ಮಕ್ತುಮಸಾಬರು ನಮಗಿಬ್ಬರಿಗೂ ಹೇಳಿದರು, ದಾರಿಹೋಕರಿಗೆ ಹೇಳುವ ಹಾಗೆ. ಮಾಸ್ತರರು ಬೇಡವೆಂದು ತಲೆಯಾಡಿಸಿ, ಕಣ್ಣೊರೆಸಿಕೊಂಡು, ಕೈ ಮುಗಿದರು.

“ಬರ್ತೀನ್ರಿ, ಮಕ್ತುಮಸಾಬ್ರ” ಎಂದರು.

ಅವರು ಉಸ್ತಾದರನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಮುದುಕ ತಲೆಬಾಗಿ ಅದನ್ನು ಒಪ್ಪಿಸಿಕೊಂಡು ಬಾಗಿಲು ಮುಚ್ಚಿದರು.